ಚೋಕಿನ ಬೆನ್ನ ಮೇಲಿನ ಕೆಂಪು ಬೊಟ್ಟು

ನಮ್ಮ ದೇವರ ಮನೆಯ ಟ್ಯೂಬ್‌ಲೈಟು ಗುಂಯ್ ಅನ್ನುವುದನ್ನು ನಿಲ್ಲಿಸಿ ಇವತ್ತಿಗೆ ಒಂಬತ್ತು ದಿನವಾಯಿತು. ಇಪ್ಪತ್ತೆಂಟು ವರ್ಷ ನಾನು ಆ ಸದ್ದಿನ ಕೆಳಗೆ ಕೂತು ದೇವರಿಗೆ ದೀಪ ಹಚ್ಚಿದ್ದೇನೆ, ಹೂ ಏರಿಸಿದ್ದೇನೆ, ಮಗಳ ಬಾಣಂತನಕ್ಕೆ, ನಮ್ಮವರ ಸಕ್ಕರೆ ಕಾಯಿಲೆಗೆ, ಒಮ್ಮೊಮ್ಮೆ ಬಾಜೂ ಮನೆಯವರ ಜಗಳ ನಿಲ್ಲಲಿ ಎಂದು ಕೂಡ ಬೇಡಿಕೊಂಡಿದ್ದೇನೆ. ಬೆಳಗ್ಗೆ ಸ್ನಾನ ಮಾಡಿ, ಒದ್ದೆ ಕೈ ಸೆರಗಿಗೆ ಒರೆಸಿ ಸ್ವಿಚ್ಚು ಒತ್ತಿದರೆ ಅದು ಮೊದಲು ಎರಡು ಸಲ ಮಿಟುಕಿಸಿ, ಏಳಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಬೆಳ್ಳಗೆ ಹತ್ತಿಕೊಳ್ಳುತ್ತಿತ್ತು. ಹತ್ತಿಕೊಂಡ ಮೇಲೆ ಶುರು. ಎರಡು ಓಣಿ ಆಚೆ ಹಿಟ್ಟಿನ ಗಿರಣಿ ನಡೆದ ಹಾಗೆ ಸಣ್ಣಗೆ ಗುಂಯ್ ಎಂದು ಒಂದೇ ಸಮ. ಬಂದವರೆಲ್ಲ ತಲೆ ಎತ್ತಿ ನೋಡಿ, ಅದನ್ನ ಬದಲಸ್ರೀ ಅಕ್ಕಾರ, ಎನ್ನುತ್ತಿದ್ದರು. ಇರಲಿ ಬಿಡ್ರಿ ಎಂದು ನಾನು ಆರತಿ ತಟ್ಟೆ ಮುಂದೆ ಹಿಡಿಯುತ್ತಿದ್ದೆ. ನಿಮ್ಮ ಮನೆಯಲ್ಲೂ ಅಂಥದೊಂದು ದೀಪ ಇದ್ದಿರಬಹುದು. ಬಿಳಿ ತಗಡಿನ ಉದ್ದ ಪಟ್ಟಿ, ಅದರ ಹೊಟ್ಟೆಯಲ್ಲಿ ಇಟ್ಟಿಗೆಯ ಹಾಗೆ ಭಾರವಾದ ಒಂದು ಕಬ್ಬಿಣದ ಗಂಟು. ಆ ಗಂಟಿಗೆ ಚೋಕ್ ಎನ್ನುತ್ತಾರೆ. ಸದ್ದು ಬರುವುದು ಅದರಿಂದ. ನಮ್ಮ ತವರುಮನೆ ಮೂವತ್ತು ವರ್ಷ ಉಂಡದ್ದು ಆ ಚೋಕಿನಿಂದ. ಆ ಮನೆ, ಆ ಕಾರ್ಖಾನೆ ಈಗ ಇಲ್ಲ, ಆ ಜನರೂ ಇಲ್ಲ. ಆ ಸದ್ದೊಂದು ನನ್ನ ತಲೆಯ ಮೇಲೆ ಉಳಿದಿತ್ತು. ಅದೂ ಹೋಯಿತು.

ದೀಪದ ಕಸುಬು ಶುರು ಮಾಡಿದವನು ನಮ್ಮ ಅಜ್ಜ, ಖಾನಾಪುರದಲ್ಲಿ. ಸ್ಟೇಶನ್ನಿನ ಕಡೆ ಹೋಗುವ ದಾರಿಯಲ್ಲಿ ಅವನದೊಂದು ಹಂಚಿನ ಮಾಡಿನ ಅಂಗಡಿ. ತಗಡು ಕತ್ತರಿಸಿ ಕಂದೀಲು ಮಾಡುತ್ತಿದ್ದ, ಮದುವೆ ಮುಂಜಿಗೆ ಗ್ಯಾಸ್‌ಬತ್ತಿ ಬಾಡಿಗೆಗೆ ಕೊಡುತ್ತಿದ್ದ. ಅಡವಿಯ ಕೆಲಸಕ್ಕೆ ಹೋಗುವವರು ಅವನ ಕಂದೀಲನ್ನೇ ಕೇಳಿ ಒಯ್ಯುತ್ತಿದ್ದರಂತೆ, ಗಾಳಿಗೆ ನಡುಗುವುದಿಲ್ಲ ಎಂದು. ಅಜ್ಜ ಗಿರಾಕಿಗಳ ಜೊತೆ ಮರಾಠಿ, ಮನೆಯವರ ಜೊತೆ ಕನ್ನಡ, ದೇವರ ಜೊತೆ ಎರಡೂ ಮಾತಾಡುತ್ತಿದ್ದ. ಮನೆದೇವರು ಹಲಸಿಯ ನರಸಿಂಹ. ಒಮ್ಮೆ ಹಲಸಿಯ ಗುಡಿಯಲ್ಲಿ ಭಜನೆಗೆ ಅಜ್ಜನದೇ ಗ್ಯಾಸ್‌ಬತ್ತಿ ಇಟ್ಟಿದ್ದರಂತೆ. ಅದು ಬುಸ್ಸೆನ್ನುವ ಸದ್ದಿನಲ್ಲಿ ಹಾಡುವವನ ಸಣ್ಣ ದನಿ ಮುಳುಗಿಹೋಯಿತಂತೆ. "ಭಜನಿ ನಡದಾಗ ದೀಪಾ ಯಾಕ ನಡುವ ಬಾಯಿ ಹಾಕಬೇಕ?" ಎಂದು ಅಜ್ಜ ತಾನೇ ಎದ್ದು ಅದನ್ನು ಹೊರಗೆ ಇಟ್ಟು ಬಂದು, ಎಣ್ಣೆಯ ದೀಪದಲ್ಲಿ ಕೂತನಂತೆ. ಸದ್ದು ಮಾಡದ ದೀಪ ಮಾಡಬೇಕು ಅನ್ನುವ ಹುಚ್ಚು ಆವತ್ತಿನಿಂದ. ಅವನ ಕೈಯಲ್ಲಿ ಆಗಲಿಲ್ಲ. ಸಾಯುವಾಗ ಆ ಹುಚ್ಚನ್ನು ಇಬ್ಬರು ಗಂಡುಮಕ್ಕಳಿಗೆ ಬಿಟ್ಟುಹೋದ.

ಅಪ್ಪ ಮತ್ತು ಕಾಕಾ ಬೆಳಗಾವಿಗೆ ಬಂದು ಉದ್ಯಮಬಾಗಿನಲ್ಲಿ ಒಂದು ತಗಡಿನ ಶೆಡ್ಡು ಹಿಡಿದರು. ಬಾಗಿಲ ಮೇಲಿನ ಬೋರ್ಡಿಗೆ ಮನೆದೇವರ ಹೆಸರು, ಪಟ್ಟಿಗೆ ಅಂಟಿಸುವ ಚೀಟಿಯ ಮೇಲೆ ಕೆಂಪು ಅಕ್ಷರದಲ್ಲಿ 'ಸದ್ದಿಲ್ಲದ ಬೆಳಕು'. ನಾನು ಹುಟ್ಟುವ ಹೊತ್ತಿಗೆ ಅಲ್ಲಿ ಹದಿನೈದು ಜನ ಕೆಲಸಕ್ಕಿದ್ದರು. ಸಾಲಿ ಬಿಟ್ಟೊಡನೆ ನಾನು ನೇರ ಶೆಡ್ಡಿಗೇ ಹೋಗುತ್ತಿದ್ದೆ, ಅವ್ವನೂ ಬೇಡ ಅನ್ನುತ್ತಿರಲಿಲ್ಲ. ಮನೆಯಲ್ಲಿದ್ದರೆ ಅವಳ ಡಬ್ಬಿಯ ಶೇಂಗಾ ಬೆಲ್ಲ ಉಳಿಯುತ್ತಿರಲಿಲ್ಲ. ಬಾಗಿಲಲ್ಲೇ ವಾರ್ನಿಷಿನ ಬಿಸಿ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು, ಸಿಹಿಯೂ ಕಹಿಯೂ ಕೂಡಿದ ಹಾಗೆ, ಪಾಕ ಹೊತ್ತಿದಾಗ ಬರುತ್ತದಲ್ಲ, ಹಾಗೆ. ಕಿಟಕಿಯ ಹತ್ತಿರ ಮೆಹಬೂಬಿ ಖಾಲಾ ಕೂತು ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸುತ್ತುತ್ತಿದ್ದಳು. ಅವಳ ಕೈ ಚಕ್ರ ತಿರುಗಿಸುತ್ತಿದ್ದರೆ ಬಾಯಿ ಸುತ್ತು ಎಣಿಸುತ್ತಿತ್ತು. ನಡುವೆ ಮಾತಾಡಿಸಿದರೆ, "ಅರೇ ಬೇಟೀ, ಎಣಿಕಿ ತಪ್ಪಿತಲ್ಲ! ಈಗ ನಿನ್ನ ಜಡಿನಾ ಸುತ್ತತೇನಿ ನೋಡು," ಎಂದು ಕಣ್ಣು ಬಿಡುತ್ತಿದ್ದಳು. ಸುತ್ತಿದ ತಂತಿಯ ಉಂಡೆಯೊಳಗೆ ತೆಳ್ಳನೆಯ ಕಬ್ಬಿಣದ ಹಾಳೆಗಳನ್ನು ತುಂಬಿ, ಬಡಿದು ಬಿಗಿ ಮಾಡಿ, ವಾರ್ನಿಷಿನಲ್ಲಿ ಅದ್ದಿ ಭಟ್ಟಿಯಲ್ಲಿ ಬೇಯಿಸುತ್ತಿದ್ದರು. ಬೇಯುವುದು ಸ್ವಲ್ಪ ಕಡಿಮೆಯಾದರೂ ಹಾಳೆ ಸಡಿಲ ಉಳಿಯುತ್ತದೆ, ಕರೆಂಟು ಹರಿದರೆ ನಡುಗಿ ಗುಂಯ್ ಅನ್ನುತ್ತದೆ. ಅಂಥ ಚೋಕು ನಮ್ಮ ಬಾಗಿಲು ದಾಟಬಾರದು. ಅದನ್ನು ನೋಡಿಕೊಳ್ಳುವುದು ಅಪ್ಪನ ಕೆಲಸ.

ಶೆಡ್ಡಿನ ಹಿಂದಿನ ಮೂಲೆಯಲ್ಲಿ ಹಲಗೆಯ ಗೋಡೆ ಹಾಕಿ ಮಾಡಿದ ಸಣ್ಣ ಕೋಣೆ. ಅಲ್ಲಿ ಅಪ್ಪನ ಮೇಜು. ಒಂದೊಂದೇ ಚೋಕನ್ನು ಟ್ಯೂಬಿಗೆ ಜೋಡಿಸಿ ಹಚ್ಚಿ, ಒಂದು ಗೇಣುದ್ದದ ಸಾಗವಾನಿ ಕಡ್ಡಿಯ ಒಂದು ತುದಿಯನ್ನು ಚೋಕಿನ ಮೇಲೆ, ಇನ್ನೊಂದು ತುದಿಯನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚುತ್ತಿದ್ದ. ಆ ಕಡ್ಡಿ ಖಾನಾಪುರದ್ದು, ಅಜ್ಜನ ಅಂಗಡಿಯ ಕಿಟಕಿಯ ತುಂಡು. ಸದ್ದಿಲ್ಲದಿದ್ದರೆ ಬಲಗೈಯ ಹೆಬ್ಬೆರಳನ್ನು ಕೆಂಪು ಬಣ್ಣದ ಡಬ್ಬಿಯಲ್ಲಿ ಅದ್ದಿ ಚೋಕಿನ ಬೆನ್ನಿಗೆ ಒಂದು ಬೊಟ್ಟು ಇಡುತ್ತಿದ್ದ, ದೇವರಿಗೆ ಕುಂಕುಮ ಇಟ್ಟ ಹಾಗೆ. ತಗಡು ಕತ್ತರಿಸುವಾಗ ಸೀಳಿದ ಗಾಯದ ಗೆರೆ ಆ ಹೆಬ್ಬೆರಳಿಗೆ ಅಡ್ಡಲಾಗಿ ಇತ್ತು. ಬೊಟ್ಟಿನಲ್ಲೂ ಆ ಗೆರೆ ಬಿಳಿಯಾಗಿ ಮೂಡುತ್ತಿತ್ತು. ಆಮೇಲೆ ಆ ಬೆನ್ನು ಪಟ್ಟಿಯ ತಗಡಿಗೆ ಒತ್ತಿ ಕೂರುತ್ತದೆ, ಮೇಲೆ ಸ್ಕ್ರೂ, ಮುಚ್ಚಳ. ಯಾರಿಗೂ ಕಾಣುವುದಿಲ್ಲ. ಆದರೆ ಆ ಬೊಟ್ಟಿಲ್ಲದ ಮಾಲು ಹೊರಗೆ ಹೋದದ್ದಿಲ್ಲ. ವ್ಯಾಪಾರ ನೋಡುತ್ತಿದ್ದ ಕಾಕಾ ಬಂದವರ ಮುಂದೆಲ್ಲ, "ನಮ್ಮಣ್ಣನ ಕಿವಿ ಅಂದ್ರ ಏನಂತ ತಿಳದೀರಿ? ಇರುವಿ ಕೆಮ್ಮಿದ್ರೂ ಕೇಳ್ತೈತ್ರೀ ಅವಂಗ!" ಎಂದು ತೊಡೆ ತಟ್ಟುತ್ತಿದ್ದ. ಅಪ್ಪ ಮಾತ್ರ ಮನೆಯಲ್ಲಿ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತ, "ಹತ್ತ ಸಲ ಒದರಿದ್ರ ಒಮ್ಮಿ ಓ ಅಂತೀರಿ. ಅಲ್ಲೆ ಇರುವಿ ಕೆಮ್ಮೂದು ಕೇಳ್ತೈತಂತ, ಇಲ್ಲೆ ಹೆಂಡ್ತಿ ಬಾಯಿ ಬಡಕೊಳ್ಳೂದು ಕೇಳೂದಿಲ್ಲಂತ!" ಎಂದು ಮೂದಲಿಸುತ್ತಿದ್ದಳು. ಅಪ್ಪ ನಕ್ಕು ಸುಮ್ಮನಾಗುತ್ತಿದ್ದ. ಏನು ಅಂದಳೆಂದು ಅವನಿಗೆ ಗೊತ್ತಾಗದೆ ನಗುತ್ತಿದ್ದ ಎಂಬುದು ಆ ಮನೆಯಲ್ಲಿ ಮೊದಲು ಗೊತ್ತಾದದ್ದು ನನಗೆ.

ಆಗ ನಾನು ಐದನೇ ಇಯತ್ತೆ. ಒಂದು ಮಧ್ಯಾಹ್ನ ಅಪ್ಪನ ಮೇಜಿನ ಹತ್ತಿರ ನಿಂತು ಪೇರಲೆ ಹಣ್ಣು ತಿನ್ನುತ್ತಿದ್ದೆ. ಅಪ್ಪ ಕಡ್ಡಿ ಇಟ್ಟು ಕೇಳಿದ, ತಲೆ ಆಡಿಸಿದ, ಬೊಟ್ಟು ಇಟ್ಟ. ಆದರೆ ಆ ಚೋಕು ಎರಡು ಮೊಳ ದೂರದಲ್ಲಿದ್ದ ನನಗೇ ಕೇಳುವ ಹಾಗೆ ಗುಂಯ್‌ಗುಡುತ್ತಿತ್ತು. "ಅಪ್ಪಾ, ಅದು ಬೊಂಬ್ಡಿ ಹೊಡ್ಯಾಕತ್ತೈತಲ್ಲಾ!" ಎಂದು ನಕ್ಕೆ. ನನ್ನ ಬಾಯಿಯನ್ನೇ ನೋಡುತ್ತಿದ್ದ ಅಪ್ಪನ ಮುಖ ಆಗ ಹೇಗಾಯಿತೆಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಚಿಂದಿ ತೆಗೆದು ಆ ಬೊಟ್ಟನ್ನು ಮೆಲ್ಲಗೆ ಒರೆಸಿದ. ಮೂಲೆಯಲ್ಲಿದ್ದ ಕಟ್ಟಿಗೆಯ ಪೆಟ್ಟಿಗೆಯನ್ನು ತನ್ನ ಬಾಜೂ ಎಳೆದು, "ಕುಂದರ್ ಇಲ್ಲೆ," ಎಂದ. ಕಡ್ಡಿಯನ್ನು ನನ್ನ ಕೈಗೆ ಕೊಟ್ಟ. ಯಾರಿಗೂ ಹೇಳಬೇಡ ಎಂದು ಬಾಯಿ ಬಿಟ್ಟು ಹೇಳಲಿಲ್ಲ, ನಾನೂ ಯಾಕೆ ಎಂದು ಕೇಳಲಿಲ್ಲ. ಮಕ್ಕಳಿಗೆ ಕೆಲವು ತಿಳಿಯುತ್ತವೆ. ಸದ್ದಿಲ್ಲದಿದ್ದರೆ ಅವನ ಮೊಣಕಾಲನ್ನು ಬೆರಳಿನಿಂದ ಒಮ್ಮೆ ಒತ್ತಬೇಕು, ಸದ್ದಿದ್ದರೆ ಎರಡು ಸಲ. ಮೇಜಿನ ಕೆಳಗೆ ನಡೆಯುವ ಮಾತು, ಹೊರಗಿನವರಿಗೆ ಕಾಣುತ್ತಿರಲಿಲ್ಲ. ಮಗಳು ಅಪ್ಪನ ಹತ್ತಿರ ಕೂತು ಆಡುತ್ತಾಳೆ ಎಂದುಕೊಂಡರು. ಅಪ್ಪ ದಿನದ ಮಾಲನ್ನೆಲ್ಲ ನಾನು ಬರುವ ಹೊತ್ತಿಗೆ ಕೂಡಿಸಿ ಇಡತೊಡಗಿದ. ಸಾಲಿಗೆ ರಜೆ ಬಂದರೆ ಬೆಳಗಿನಿಂದಲೇ ಅಲ್ಲಿ. ಒಂದು ಒತ್ತಿದರೆ ಬೊಟ್ಟು, ಎರಡು ಒತ್ತಿದರೆ ಮರಳಿ ಭಟ್ಟಿಗೆ. ಆ ಒಂದು ವರ್ಷ ಬೆಳಗಾವಿಯಲ್ಲಿ ಎಷ್ಟು ಮನೆಗಳಲ್ಲಿ, ಕ್ಯಾಂಪಿನ ಎಷ್ಟು ಬಂಗಲೆಗಳಲ್ಲಿ ನನ್ನ ಕಿವಿ ಒಪ್ಪಿದ ದೀಪಗಳು ಹತ್ತಿದವೋ. ಅಷ್ಟು ಸುಖದಿಂದ ನಾನು ಮತ್ತೆಂದೂ ಯಾರ ಬಾಜೂವೂ ಕೂತಿಲ್ಲ. ಅದೊಂದು ವರ್ಷವನ್ನಾದರೂ ದೇವರು ಕೊಟ್ಟನಲ್ಲ ಎಂದು ಈಗಲೂ ಕೈ ಮುಗಿಯುತ್ತೇನೆ.

ಆ ವರ್ಷ ತುಂಬುವ ಹೊತ್ತಿಗೆ, ಮಳೆಗಾಲದಲ್ಲಿ, ಒಂದು ದೊಡ್ಡ ವಾಚನಾಲಯದವರು ಅರವತ್ತು ಪಟ್ಟಿ ಕೇಳಿದರು. ಓದುವ ಜಾಗ, ಸದ್ದು ಇರಬಾರದು, ಅದಕ್ಕೇ ನಿಮ್ಮ ಹತ್ತಿರ ಬಂದೆವು ಎಂದು ಅವರು ಹೇಳಿದ್ದನ್ನು ಕಾಕಾ ಶೆಡ್ಡಿನಲ್ಲಿ ಎಲ್ಲರಿಗೂ ನಾಲ್ಕು ಸಲ ಹೇಳಿದ. ಅದೇ ವಾರ ಕರೆಂಟು ಹೋಗಿ ಬಂದು ಮಾಡಿ ಭಟ್ಟಿ ಕಾವು ಹಿಡಿಯಲಿಲ್ಲ. ಅದೇ ವಾರ ನನಗೆ ನೆಗಡಿ. ಸಾಮಾನ್ಯ ನೆಗಡಿಯಲ್ಲ, ಕಿವಿಯೊಳಗೆ ಅರಳೆ ತುರುಕಿದ ಹಾಗೆ ಎರಡೂ ಕಿವಿ ಕಟ್ಟಿದ್ದವು. ಅವ್ವನ ಮಾತೂ ಬಾವಿಯೊಳಗಿನಿಂದ ಬರುವ ಹಾಗಿತ್ತು. ಆ ದಿನ ಟೆಂಪೋ ಬಂದು ಬಾಗಿಲಲ್ಲಿ ನಿಂತಿತ್ತು. ಕಾಕಾ ಆಗಲೇ ಆಗಲಿ ಎಂದು ಅವಸರ ಮಾಡುತ್ತಿದ್ದ. ನಾವಿಬ್ಬರು ಕೂತು ಇನ್ನೂ ಒಂದು ಚೋಕೂ ಆಗಿರಲಿಲ್ಲ, ಪಟ್ಟಿಯ ತಗಡಿನ ಅಳತೆಯಲ್ಲಿ ಏನೋ ತಪ್ಪಾಗಿದೆ ಎಂದು ಅಪ್ಪನನ್ನು ಮುಂದೆ ಕರೆದರು. ಅಪ್ಪ ಎದ್ದ. ಬಣ್ಣದ ಡಬ್ಬಿಯನ್ನು ನನ್ನ ಮುಂದೆ ಸರಿಸಿ, "ಕುಸುಮೀ, ನೀನಾ ಕೇಳಿ ಬೊಟ್ಟ ಇಡು. ನಾ ಬಂದೆ," ಎಂದ.

ಬೊಟ್ಟು ಇಡುವುದು! ಅದುವರೆಗೆ ನನಗೆ ಆ ಡಬ್ಬಿಯನ್ನು ಮುಟ್ಟಲು ಬಿಟ್ಟಿರಲಿಲ್ಲ. ನಾನು ಕಡ್ಡಿ ಹಿಡಿದು ಕಿವಿಗಿಟ್ಟೆ. ಸದ್ದಿಲ್ಲ. ಇನ್ನೊಂದು. ಸದ್ದಿಲ್ಲ. ಎಲ್ಲವೂ ಸುಮ್ಮನಿದ್ದವು, ಲೋಕವೇ ಸುಮ್ಮನಿತ್ತು. ನನ್ನ ಕಿವಿ ಕಟ್ಟಿದೆ ಎಂದು ನನಗೆ ಗೊತ್ತಿತ್ತು, ಸುಳ್ಳು ಯಾಕೆ ಹೇಳಲಿ. ಎದ್ದು ಹೋಗಿ ಅಪ್ಪನಿಗೆ ಹೇಳಬಹುದಿತ್ತು. ಹೇಳಿದರೆ ಚೋಕಿಗೆ ಕಿವಿಗೊಡುವವರು ಇನ್ಯಾರು? ಅಪ್ಪ ಎಲ್ಲರ ಮುಂದೆ, ನನಗೆ ಕೇಳುವುದಿಲ್ಲ ಎನ್ನಬೇಕಾಗುತ್ತಿತ್ತು. ಅದೂ ನಿಜ, ಇದೂ ನಿಜ: ಬೊಟ್ಟು ಇಡುವ ಆಸೆ ನನ್ನನ್ನು ಆ ಪೆಟ್ಟಿಗೆಯ ಮೇಲೆ ಅಂಟಿಸಿಬಿಟ್ಟಿತ್ತು. ಕಿರುಬೆರಳನ್ನು ಅದ್ದಿ ಅದ್ದಿ ಒಂದೊಂದರ ಬೆನ್ನಿಗೂ ಚಂದದ ಬೊಟ್ಟು ಇಟ್ಟೆ, ತುಳಸಿಗೆ ಇಟ್ಟ ಹಾಗೆ. ಅಪ್ಪ ಬರುವಷ್ಟರಲ್ಲಿ ಮುಗಿದಿತ್ತು. ಅವನು ನನ್ನ ಮುಖ ನೋಡಿದ. ನಾನು ಮೊಣಕಾಲನ್ನು ಒಮ್ಮೆ ಒತ್ತಿದೆ. ಆ ಮೇಜಿನ ಹಿಂದೆ ಆವತ್ತು ಇಬ್ಬರು ಕಿವುಡರು ಕೂತಿದ್ದೆವು.

ಮೂರನೆಯ ದಿನ ಮಧ್ಯಾಹ್ನ ಟೆಂಪೋ ಅರವತ್ತು ಪಟ್ಟಿಯನ್ನೂ ಮರಳಿ ತಂದಿತು. ಹಿಂದೆಯೇ ವಾಚನಾಲಯದ ಕಾರ್ಯದರ್ಶಿ. "ಏನ್ರೀ ಇದು? ಓದಾಕ ಬಂದವರು ಜೇನ ಹೊಕ್ಕಾವಂತ ಕಿಟಕಿ ತಗದ ತಗದ ನೋಡ್ತಾರ. ಒಬ್ಬರಂತೂ ಛತ್ರಿ ಬಿಚ್ಚಿಕೊಂಡ ಕುಂತಾರ್ರೀ!" ಎಂದರು. ಬೇರೆ ದಿನವಾಗಿದ್ದರೆ ಎಲ್ಲರಿಗಿಂತ ಮೊದಲು ಕಾಕಾನೇ ನಗುತ್ತಿದ್ದ. ಆವತ್ತು ಅವನ ಮುಖ ಕಪ್ಪಾಗಿತ್ತು. ಅವರು ಹೋದ ಮೇಲೆ ಶೆಡ್ಡಿನ ನಡುವೆ ನಿಂತು, "ಅಣ್ಣನ ಬೊಟ್ಟ ಇಲ್ಲದ ಮಾಲ ಟೆಂಪೋ ಹೆಂಗ ಏರಿತು? ಅವಸರದಾಗ ಯಾರೋ ಕೇಳದ ಮಾಲ ತುಂಬ್ಯಾರ. ನಾಳೆ ಮುಂಜಾನಿ ಒಂದೊಂದ ಬಿಚ್ಚಿ ನೋಡ್ತೇನಿ," ಎಂದ. ಮೆಹಬೂಬಿ ಖಾಲಾ ಚಕ್ರ ನಿಲ್ಲಿಸಿ, "ಯಾ ಅಲ್ಲಾ," ಎಂದಳು. ಮಾಲು ತುಂಬಲು ಕೈ ಕೊಟ್ಟವರಲ್ಲಿ ಅವಳೂ ಇದ್ದಳು. ಬಿಚ್ಚಿದರೆ ಅರವತ್ತು ಕಿರುಬೆರಳು. ನನಗೆ ಬಯ್ದರೆ ಬಯ್ಯಲಿ; ಆದರೆ ಮಗು ಯಾಕೆ ಕೇಳಿತು ಎಂಬ ಪ್ರಶ್ನೆ ಬರುತ್ತದೆ, ಆಮೇಲೆ ಅಪ್ಪನ ಕಿವಿಯ ಮಾತು ಬರುತ್ತದೆ. ಅಪ್ಪನ ಕಡೆ ನೋಡಿದೆ. ಅವನು ಕಾಕಾನ ತುಟಿಗಳನ್ನೇ ನೋಡುತ್ತಿದ್ದ. ಏನು ತಿಳಿಯಿತೋ, "ನೀವೆಲ್ಲಾ ನಡೀರಿ ಮನೀಗೆ. ನಾ ಕೀಲಿ ಹಾಕ್ಕೊಂಡ ಬರ್ತೇನಿ," ಎಂದ.

ಮನೆಗೆ ಬಂದು ನಾನು ದೇವರ ಮುಂದೆ ಹೋಗಿ ಕೂತೆ. ಹಲಸಿಯ ನರಸಿಂಹಾ, ನಾಳೆ ಬಿಚ್ಚಿದಾಗ ನನ್ನ ಬೊಟ್ಟು ಕಾಣದ ಹಾಗೆ ಮಾಡು, ದೊಡ್ಡವಳಾದ ಮೇಲೆ ವರ್ಷವರ್ಷವೂ ನಿನ್ನ ದೀಪಕ್ಕೆ ಎಣ್ಣೆ ತರುತ್ತೇನೆ ಎಂದು ಬೇಡಿಕೊಂಡೆ. ನೆಗಡಿಗೆ ಜ್ವರವೂ ಕೂಡಿತ್ತು. ಅಪ್ಪ ರಾತ್ರಿ ಬಹಳ ಹೊತ್ತಾದ ಮೇಲೆ ಬಂದು ನೇರ ಊಟಕ್ಕೆ ಕೂತ. ಅವ್ವ, "ಕೈ ನೋಡ್ರಿ ನಿಮ್ಮದು! ಹೆಬ್ಬಟ್ಟ ಕೆಂಪ ಕೆಂಪ. ಅದಾ ಕೈಲೆ ರೊಟ್ಟಿ ಮುರೀತೀರೇನು? ಏಳ್ರಿ, ತೊಕ್ಕೊಂಡ ಬರ್ರಿ," ಎಂದಳು. ಅಪ್ಪ ಎದ್ದು ಹೋಗಿ ಸೀಮೆಎಣ್ಣೆ ಹಚ್ಚಿ ತಿಕ್ಕಿಕೊಂಡು ಬಂದ. ಆದರೂ ಉಗುರಿನ ಸಂದಿಯಲ್ಲಿ ಉಳಿದಿತ್ತು. ಅದನ್ನು ನಾನು ನೋಡಿದೆ. ನೋಡಿಯೂ ಏನೂ ತಿಳಿಯಲಿಲ್ಲ. ದಿನಾ ಇರುತ್ತಿದ್ದ ಬಣ್ಣವೇ ಅಲ್ಲವೆ.

ಮರುದಿನ ಬೆಳಗ್ಗೆ ಅವ್ವ ಬೇಡ ಎಂದರೂ ನಾನು ಹೋದೆ. ಖಾಲಾ ನನ್ನನ್ನು ತನ್ನ ಸೆರಗಿನಲ್ಲಿ ಸುತ್ತಿ ಕೂರಿಸಿಕೊಂಡಳು. ಕಾಕಾ ಮೊದಲ ಪಟ್ಟಿ ಬಿಚ್ಚಿ ಚೋಕನ್ನು ತಿರುವಿ ನೋಡಿದ. ಇನ್ನೊಂದು ಬಿಚ್ಚಿದ. ಐದು, ಹತ್ತು, ಇಪ್ಪತ್ತು. ಎಲ್ಲದರ ಮೇಲೂ ಅಗಲವಾದ ಹೆಬ್ಬೆರಳು, ಅಡ್ಡಕ್ಕೆ ಬಿಳಿ ಗೆರೆ. ಖಾಲಾ ಒಮ್ಮೆ ಮೂಗು ಏರಿಸಿ ಗಾಳಿಯ ವಾಸನೆ ಹಿಡಿದು, ಅಪ್ಪನ ಕಡೆ ನೋಡಿ, ಮತ್ತೆ ತಂತಿಗೆ ಬಗ್ಗಿದಳು. ಕಾಕಾ ಸ್ಕ್ರೂಡ್ರೈವರ್ ಕೆಳಗಿಟ್ಟ. "ಅಣ್ಣಾ, ಇವನ್ನೆಲ್ಲಾ ನೀನಾ ಕೇಳೀಯೇನು?" ಅಪ್ಪ ಅವನ ತುಟಿ ನೋಡಿದ. "ಹೌದು. ನಾನಾ ಕೇಳೇನಿ." ಕಾಕಾ ಕೆಟ್ಟವನಲ್ಲ. ಬಯ್ಯಲಿಲ್ಲ. ಅಣ್ಣನ ಹೆಗಲಿನ ಮೇಲೆ ಕೈ ಇಟ್ಟು, "ಇರಲಿ ಬಿಡು. ನಂಗ ಮೊದಲಾ ಹೇಳಬಾರದೇನು," ಎಂದ, ಅಷ್ಟೆ. ನಾನು ಸೆರಗಿನೊಳಗೆ ಕೈ ಮುಗಿದೆ. ನರಸಿಂಹ ನನ್ನ ಬೆರಳನ್ನು ಅಪ್ಪನ ಬೆರಳಾಗಿ ಮಾಡಿದ್ದ. ನಾನು ಉಳಿದುಕೊಂಡಿದ್ದೆ.

ತಿಂಗಳೊಪ್ಪತ್ತಿನಲ್ಲಿ ಪುಣೆಯಿಂದ ಸದ್ದು ಅಳೆಯುವ ಮುಳ್ಳಿನ ಮೀಟರು ಬಂತು. ಅಪ್ಪನ ಮೇಜಿನ ಮೇಲೆ ಅದು ಕೂತಿತು. ಅಪ್ಪ ಮುಂದಿನ ಕೋಣೆಯಲ್ಲಿ ಚೀಟಿ ಅಂಟಿಸುವ ಜಾಗಕ್ಕೆ ಬಂದ. ಕಡ್ಡಿಯನ್ನು ಮೊಳೆಗೆ ತೂಗುಹಾಕಿದರು. ಯಾರೂ ಅಪ್ಪನಿಗೆ ಅಗೌರವ ಮಾಡಲಿಲ್ಲ, ಚಹಾ ಮೊದಲು ಅವನಿಗೇ ಬರುತ್ತಿತ್ತು. ಆದರೆ ಕಾಕಾ ಇರುವೆಯ ಮಾತನ್ನು ಮತ್ತೆಂದೂ ಆಡಲಿಲ್ಲ. ನಾನು ಸಾಲಿ ಬಿಟ್ಟ ಮೇಲೆ ಹೋಗಿ ಅಪ್ಪನ ಬಾಜೂ ಕೂರುತ್ತಿದ್ದೆ. ಒತ್ತಲು ಏನೂ ಇರಲಿಲ್ಲ. 'ಸದ್ದಿಲ್ಲದ ಬೆಳಕು', 'ಸದ್ದಿಲ್ಲದ ಬೆಳಕು' ಎಂದು ಅಪ್ಪ ಒಂದರ ಹಿಂದೆ ಒಂದು ಅಂಟಿಸುತ್ತಿದ್ದ. ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿಗೆ ಬಂತು. ದೇವರೇ ಮುಚ್ಚಿದ್ದನ್ನು ನಾನು ತೆಗೆಯುವುದು ಹೇಗೆ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹಾಗೆ ಸಮಾಧಾನ ಮಾಡಿಕೊಳ್ಳುವುದು ಒಮ್ಮೆ ರೂಢಿಯಾದರೆ ವರ್ಷಗಳು ಹೋಗುವುದು ತಿಳಿಯುವುದಿಲ್ಲ.

ಮುಂದಿನದನ್ನು ನಿಮ್ಮ ಕಣ್ಣಿನಿಂದಲೂ ನೀವು ನೋಡಿದ್ದೀರಿ. ತಂತಿಯೂ ಕಬ್ಬಿಣವೂ ಬೇಕಿಲ್ಲದ, ಬೆಂಕಿಪೊಟ್ಟಣದಷ್ಟು ಹಗುರವಾದ ಚೋಕು ಬಂತು. ಆಮೇಲೆ ಸುರುಳಿ ಬಲ್ಬು, ಆಮೇಲೆ ಎಲ್ಇಡಿ. ಮೆಹಬೂಬಿ ಖಾಲಾ ಒಂದು ದಿನ ಕೈ ನಡುಗುತ್ತದೆ ಎಂದು ಬಿಟ್ಟಳು, ಆದರೆ ನಿಜವಾಗಿ ಅವಳಿಗೆ ಸುತ್ತಲು ಏನೂ ಉಳಿದಿರಲಿಲ್ಲ. ಕಾಕಾ ಕೊನೆಯ ತನಕ ಊರೂರು ತಿರುಗಿದ, ಕೊನೆಗೆ ಅವನ ಎದೆಯೇ ನಿಂತಿತು. ಶೆಡ್ಡಿನಲ್ಲಿ ಈಗ ಯಾರೋ ಪ್ಲಾಸ್ಟಿಕ್ ಕುರ್ಚಿಗಳನ್ನು ತುಂಬಿ ಇಡುತ್ತಾರೆ. ಯಾರನ್ನು ಬಯ್ಯುವುದು? ಯಾರೂ ನಮಗೆ ಅನ್ಯಾಯ ಮಾಡಲಿಲ್ಲ. ದೀಪ ಬೇರೆ ದಾರಿ ಹಿಡಿಯಿತು, ನಾವು ನಿಂತು ನೋಡಿದೆವು.

ನನ್ನ ಮದುವೆ ಅದಕ್ಕೆಲ್ಲ ಮುಂಚೆ ಆದದ್ದು ಒಂದು ಪುಣ್ಯ. ಗಂಡನ ಮನೆ ಶಹಾಪುರದಲ್ಲಿ, ತವರಿಗೆ ಅರ್ಧ ತಾಸಿನ ದಾರಿ, ಅದೂ ಒಂದು ಪುಣ್ಯ. ಮದುವೆಯಾದ ವಾರದಲ್ಲಿ ಅಪ್ಪ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಪಟ್ಟಿಯನ್ನು ಹೆಗಲ ಮೇಲೆ ಹೊತ್ತು ಬಂದ. ಏಣಿ ಕೇಳಿ, ತಾನೇ ಹತ್ತಿ, ದೇವರ ಮನೆಯ ಗೋಡೆಗೆ ಹೊಡೆದ. ಸ್ವಿಚ್ಚು ಒತ್ತಿದರೆ ಗುಂಯ್! ನಮ್ಮ ಅತ್ತೆಯವರು ಮುಖ ನೋಡಿದರು. ನನಗೆ ನಾಚಿಕೆಯಾಯಿತು. ಅಪ್ಪನ ಮುಂದೆ ನಿಂತು ತುಟಿ ಕಾಣುವ ಹಾಗೆ, "ಅಪ್ಪಾ, ಇದು ಮಾತಾಡ್ತೈತಿ," ಎಂದೆ. "ಗೊತ್ತೈತಿ," ಎಂದ. "ಇರಲಿ. ನಿನ್ನ ಜೋಡಿ ಮಾತಾಡಾಕ ತವರಿನ ಕಡಿಯವರು ಒಬ್ಬರರ ಇರಲಿ." ಎಲ್ಲರೂ ನಕ್ಕರು. ಒಳ್ಳೆಯ ಮಾಲು ಅಷ್ಟಿರುವಾಗ ಅಪ್ಪ ಅದನ್ನೇ ಯಾಕೆ ತಂದ ಎಂದು ನಾನು ಕೇಳಲಿಲ್ಲ. ಕಿವಿ ಕೇಳದವನು, ಯಾವುದೋ ಕೈಗೆ ಸಿಕ್ಕದ್ದನ್ನು ತಂದ ಎಂದುಕೊಂಡೆ.

ಅಪ್ಪ ಹೋದದ್ದು ನಾಲ್ಕು ವರ್ಷದ ಹಿಂದೆ, ನೆಹರು ನಗರದ ದೊಡ್ಡ ದವಾಖಾನೆಯಲ್ಲಿ. ಅಲ್ಲಿಯವರು ಮನೆಯವರ ಹಾಗೆ ನೋಡಿಕೊಂಡರು, ಹಿಂಸೆಯಾಗದೆ ಹೋದ, ಅಷ್ಟು ಸಾಕು. ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಮಲಗಿದ್ದವನು ಚಾವಣಿಯಲ್ಲಿ ಹತ್ತಿದ್ದ ಚೌಕ ದೀಪವನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಬೆರಳನ್ನು ಮೇಲೆ ತೋರಿಸಿ, "ಸದ್ದ ಐತೇನು?" ಎಂದ. ಹೊದಿಕೆಯ ಮೇಲಿನಿಂದ ಅವನ ಮೊಣಕಾಲು ಹುಡುಕಿ ನಾನು ಒಮ್ಮೆ ಒತ್ತಿದೆ. ಅವನ ಮುಖ ಅರಳಿತು. "ಚೊಲೋ ಮಾಡ್ಯಾರ," ಎಂದ. ಸ್ವಲ್ಪ ಬಿಟ್ಟು, "ಇದನ್ನ ಕೂತು ಕೇಳಿದವರು ಯಾರಂತ?" ಎಂದು ಕೇಳಿದ. ಯಾರೂ ಕೇಳುವುದಿಲ್ಲ ಅಪ್ಪಾ, ಈಗ ಯಾರೂ ಕೂತು ಕೇಳಬೇಕಾಗಿಲ್ಲ ಎಂದು ಒತ್ತಿ ಹೇಳುವುದು ಹೇಗೆ? ಒಂದಕ್ಕೂ ಎರಡಕ್ಕೂ ಅದು ನಿಲುಕುವುದಿಲ್ಲ. ಅವನ ಕಿವಿಯ ಹತ್ತಿರ ಬಾಯಿ ಒಯ್ದು, "ಅಪ್ಪಾ, ಆ ಅರವತ್ತು ಪಟ್ಟಿ ಕೇಳಿದ ದಿನ ನಂಗ ನೆಗಡಿ ಆಗಿತ್ತು. ಕಿವಿ ಕಟ್ಟಿದ್ದುವು. ನಂಗ ಗೊತ್ತಿತ್ತು," ಎಂದು ಕೂಗಿ ಹೇಳಿದೆ. ಬಾಜೂ ಮಂಚದವರೆಲ್ಲ ತಿರುಗಿ ನೋಡಿದರು. ಅಪ್ಪ ಮಾತ್ರ ದೀಪವನ್ನೇ ನೋಡುತ್ತಿದ್ದ. ನನ್ನ ಕೈಯನ್ನು ತಟ್ಟಿದ. ಎಲ್ಲರಿಗೂ ಹಾಗೆಯೇ ತಟ್ಟುತ್ತಿದ್ದ ಆಗ. ಹೇಳಿದೆನೋ ಹೇಳಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಒಂಬತ್ತು ದಿನದ ಹಿಂದೆ ಬೆಳಗ್ಗೆ ಸ್ವಿಚ್ಚು ಒತ್ತಿದರೆ ಪಟ್ಟಿ ಮಿಟುಕಿಸಲೂ ಇಲ್ಲ. ಸಣ್ಣಗೆ ಸುಟ್ಟ ವಾರ್ನಿಷಿನ ವಾಸನೆ ಬಂತು. ಪಾಕ ಹೊತ್ತಿದ ಹಾಗೆ. ನಾನು ಆರತಿ ಅಲ್ಲಿಗೇ ಬಿಟ್ಟು ನಮ್ಮವರನ್ನು ಕೂಗಿದೆ. ನಮ್ಮವರು ನಮ್ಮ ಓಣಿಯ ದಸ್ತಗೀರ ಅವರನ್ನು ಕರೆತಂದರು. ಕರೆಂಟಿನ ಕೆಲಸ ಮಾಡುತ್ತಾ ತಲೆ ನೆರೆತವರು. ಮುಚ್ಚಳ ತೆಗೆದು ನೋಡಿ, "ಚೋಕ್ ಸುಟ್ಟೈತ್ರೀ ಅಕ್ಕಾರ. ಇಡೀ ಬೆಳಗಾಂವ ಹುಡುಕಿದ್ರೂ ಈಗ ಸಿಗೂದಿಲ್ಲ. ಎಲ್ಇಡಿ ಹಾಕಿ ಹೋಗ್ಲ್ಯಾ?" ಎಂದರು. ಬೇಡ ಎಂದರೆ ದೇವರು ಕತ್ತಲಲ್ಲಿ ಕೂರಬೇಕು. ಹೂಂ ಎಂದೆ. ಅವರು ಸ್ಕ್ರೂ ಬಿಚ್ಚಿ ಚೋಕನ್ನು ಕಿತ್ತು, ಚೀಲಕ್ಕೆ ಹಾಕಿಕೊಳ್ಳಲು ಹೋದರು. "ಅದನ್ನ ಕೊಡ್ರಿ ಇಲ್ಲೆ," ಎಂದೆ. "ಇದರಾಗ ಏನೈತ್ರೀ, ಮೋಡಕಾ ಅದು, ಗುಜರಿಗೆ ಹಾಕೂದು," ಎಂದು ನಗುತ್ತಲೇ ಕೊಟ್ಟರು.

ಮಣೆಯ ಮೇಲೆ ಕೂತು ಅದನ್ನು ತಿರುವಿದೆ. ನಲವತ್ತು ವರ್ಷ ಬೆಳಕು ಕಾಣದ ಬೆನ್ನು, ಧೂಳೂ ಇರಲಿಲ್ಲ. ಅಪ್ಪನ ಹೆಬ್ಬೆರಳು ನಿನ್ನೆ ಇಟ್ಟ ಹಾಗೆ ಕೆಂಪಗೆ ಇತ್ತು, ಅಡ್ಡಗೆರೆ ಸಹಿತ. ಕಣ್ಣಿಗೆ ಒತ್ತಿಕೊಳ್ಳಲು ಎತ್ತಿದಾಗ ಕಂಡಿತು. ಆ ಕೆಂಪಿನ ಕೆಳಗೆ ಇನ್ನೊಂದು ಕೆಂಪು. ಹೆಬ್ಬೆರಳಿನ ಅಂಚು ದಾಟಿ ಸಣ್ಣದೊಂದು ಬಾಗಿದ ಗೆರೆ ಹೊರಗೆ ಉಳಿದಿತ್ತು, ಬಿದಿಗೆಯ ಚಂದ್ರನಷ್ಟು. ಕಿರುಬೆರಳಿನ ತುದಿ. ಮಗುವಿನದು. ನನ್ನದು.

ಆ ಅರವತ್ತರಲ್ಲಿ ಒಂದನ್ನು ಅಪ್ಪ ರಿಪೇರಿಗೆ ಬಿಡದೆ ತೆಗೆದು ಇಟ್ಟಿದ್ದ. ಸದ್ದು ಮಾಡುವುದೆಂದು ಗೊತ್ತಿದ್ದೇ ತಂದು ನನ್ನ ದೇವರ ಮನೆಗೆ ಹೊಡೆದಿದ್ದ. ಆ ಸಂಜೆ ಎಲ್ಲರನ್ನೂ ಮನೆಗೆ ಕಳಿಸಿ, ಅರವತ್ತನ್ನೂ ಒಬ್ಬನೇ ಬಿಚ್ಚಿ, ನನ್ನ ಬೊಟ್ಟು ಒಂದೊಂದನ್ನೂ ತನ್ನ ಬೊಟ್ಟಿನಿಂದ ಮುಚ್ಚಿ, ಮತ್ತೆ ಸ್ಕ್ರೂ ತಿರುವಿ ಇಟ್ಟಿದ್ದ. ಮಗಳು ಆಟಕ್ಕೆ ಇಟ್ಟಳು ಎಂದು ಒಂದು ಮಾತು ಹೇಳಿದ್ದರೆ ಅವನ ಕಿವಿಯ ಹೆಸರು ಉಳಿಯುತ್ತಿತ್ತು, ಮೇಜು ಉಳಿಯುತ್ತಿತ್ತು. ಹೇಳಲಿಲ್ಲ. ನನಗೂ ಹೇಳಲಿಲ್ಲ. ನಾನು ವರ್ಷವರ್ಷವೂ ಶ್ರಾವಣದಲ್ಲಿ ಖಾನಾಪುರದ ಬಸ್ಸು ಹಿಡಿದು, ಅಲ್ಲಿಂದ ಹಲಸಿಗೆ ಹೋಗಿ ನರಸಿಂಹನ ದೀಪಕ್ಕೆ ಎಣ್ಣೆ ಕೊಟ್ಟು ಬಂದಿದ್ದೇನೆ, ನನ್ನ ಬೆರಳನ್ನು ಮುಚ್ಚಿದ್ದಕ್ಕೆ. ಎಷ್ಟೋ ಸಲ ಅಪ್ಪನೇ ನನ್ನ ಜೊತೆ ಬಂದು, ಎಣ್ಣೆಯ ತಂಬಿಗೆ ಹಿಡಿದುಕೊಂಡು, ಯಾವ ಹರಕೆ ಎಂದು ಕೇಳದೆ ಬಾಜೂ ನಿಂತಿದ್ದ. ಈ ವರ್ಷವೂ ಹೋಗುತ್ತೇನೆ. ಎಣ್ಣೆಯನ್ನೇನೂ ಕಡಿಮೆ ಮಾಡುವುದಿಲ್ಲ. ದೇವರು ತನ್ನ ಕೈಯಿಂದ ಮಾಡಿದನೋ ಅಪ್ಪನ ಕೈಯಿಂದ ಮಾಡಿಸಿದನೋ, ಅದನ್ನು ಕೇಳುವಷ್ಟು ನಾನು ದೊಡ್ಡವಳಲ್ಲ.

ದಸ್ತಗೀರ ಅವರು ಹೊಸ ದೀಪ ಕೂರಿಸಿ ಇಳಿದರು. ನಮ್ಮವರು ಸ್ವಿಚ್ಚು ಒತ್ತಿದರು. ಅದು ಮಿಟುಕಿಸಲಿಲ್ಲ, ಯೋಚನೆ ಮಾಡಲಿಲ್ಲ, ತಟ್ಟನೆ ಹತ್ತಿತು. ಅಜ್ಜ ಭಜನೆಯಲ್ಲಿ ಕೂತು ಬಯಸಿದ ದೀಪ, ಅಪ್ಪ ಕಡ್ಡಿ ಹಿಡಿದು ಹುಡುಕಿದ ದೀಪ. ಎಣ್ಣೆಯ ದೀಪದ ಬತ್ತಿ ಚಿಟ್ಟೆನ್ನುವುದು ಕೂಡ ಕೇಳಿಸುವಷ್ಟು ಕೋಣೆ ಸುಮ್ಮನಿತ್ತು. "ಹೆಂಗೈತಿ? ಸದ್ದಿಲ್ಲಲ್ಲ ಈಗ?" ಎಂದು ನಮ್ಮವರು ಕೇಳಿದರು. ಚೋಕು ತೊಡೆಯ ಮೇಲೆ ಭಾರವಾಗಿ, ತಣ್ಣಗೆ ಕೂತಿತ್ತು. ಕೆಂಪು ಬೊಟ್ಟಿನ ಮೇಲೆ ಬೆರಳಿಟ್ಟು ನಾನು ಒಮ್ಮೆ ಒತ್ತಿದೆ.